ಹೇಳಿಕೆಗೆ ಸಹಿ ಏಕಿಲ್ಲ, ಬೆಂಗಳೂರಿಗೆ ಕಮಿಷನರ್ ಏಕೆ?

ಪ್ರಶ್ನೆ: ನಮ್ಮದು ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿ. ಪಕ್ಕದ ಮನೆಯವರು ಅಂಗಳದಲ್ಲಿ ಒಣಹಾಕಿದ್ದ ಅಡಿಕೆ ರಾತ್ರೋರಾತ್ರಿ ಕಳವಾಯಿತು. ಪಿಎಸ್‌ಐ (ಸಬ್ ಇನ್‌ಸ್ಪೆಕ್ಟರ್) ಬಂದವರು ನನ್ನ ಹೇಳಿಕೆಯನ್ನೂ ಬರೆದುಕೊಂಡರು, ಆದರೆ ಸಹಿ ಹಾಕಿಸಿಕೊಳ್ಳಲಿಲ್ಲ. ಸಹಿ ಇಲ್ಲದ ಕಾಗದಕ್ಕೆ ಏನು ಬೆಲೆ? ಪಿಎಸ್‌ಐ, ಸಿಪಿಐ, ಡಿವೈಎಸ್‌ಪಿ ಎಂದು ಇಷ್ಟು ಮಂದಿ ಇದ್ದಾರಲ್ಲ, ಪ್ರಕರಣ ನಿಜವಾಗಿ ಯಾರ ಕೈಯಲ್ಲಿರುತ್ತದೆ? ಬೆಂಗಳೂರಿಗೆ ಕಮಿಷನರ್, ನಮಗೆ ಎಸ್‌ಪಿ ಏಕೆ? ಇದೆಲ್ಲ ಲಂಡನ್ ಪೊಲೀಸರನ್ನು ನೋಡಿ ಬ್ರಿಟಿಷರು 1861ರಲ್ಲಿ ಮಾಡಿದ್ದು ಎನ್ನುತ್ತಾರೆ, ಹೌದೇ?

ಉತ್ತರ: ಸಹಿಯಿಂದಲೇ ಶುರು ಮಾಡೋಣ. ನಿಮ್ಮ ಉಳಿದ ಪ್ರಶ್ನೆಗಳ ಬೇರೂ ಅಲ್ಲೇ ಇದೆ.

ಪಿಎಸ್‌ಐ ಮಾಡಿದ್ದು ಸರಿ. ಠಾಣೆಯಲ್ಲಿ ಬರೆಯುವ ಎರಡು ಕಾಗದಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ. ಒಂದು ಫಿರ್ಯಾದು, ಅಂದರೆ ಕಳವಾಯಿತೆಂದು ನಿಮ್ಮ ಪಕ್ಕದ ಮನೆಯವರು ಕೊಟ್ಟ ದೂರು. ಅದಕ್ಕೆ ಅವರ ಸಹಿ ಬೇಕೇ ಬೇಕು. ಬಾಯಲ್ಲಿ ಹೇಳಿದ್ದಾದರೆ ಬರೆದು, ಅವರಿಗೆ ಓದಿ ಹೇಳಿ, ಸಹಿ ಪಡೆಯಬೇಕು. ಇನ್ನೊಂದು, ತನಿಖೆಯ ವೇಳೆ ಸಾಕ್ಷಿಗಳಿಂದ ಬರೆದುಕೊಳ್ಳುವ ಹೇಳಿಕೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 180ರಡಿ ಇದನ್ನು ಬರೆದುಕೊಳ್ಳುತ್ತಾರೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಇದೇ ಕಲಂ 161 ಆಗಿತ್ತು. ಇದಕ್ಕೆ ಹೇಳಿದವರ ಸಹಿ ಹಾಕಿಸಬಾರದೆಂದು ಮುಂದಿನ ಕಲಂ 181 ಹೇಳುತ್ತದೆ. ನ್ಯಾಯಾಲಯದಲ್ಲಿ ಈ ಹೇಳಿಕೆ ಸಾಕ್ಷ್ಯವಲ್ಲ. ನೀವು ಕಟಕಟೆಯಲ್ಲಿ ನಿಂತು ಬೇರೆ ಮಾತು ಹೇಳಿದರೆ, "ಅಂದು ಪೊಲೀಸರ ಮುಂದೆ ಹೀಗೆ ಹೇಳಿದ್ದಿರಲ್ಲ?" ಎಂದು ಕೇಳಲು ಮುಖ್ಯವಾಗಿ ಬಳಕೆಯಾಗುತ್ತದೆ.

ಪೊಲೀಸರ ಮುಂದೆ ಆರೋಪಿ ಮಾಡಿದ ತಪ್ಪೊಪ್ಪಿಗೆಯನ್ನಂತೂ ಅವನ ವಿರುದ್ಧ ಸಾಬೀತು ಮಾಡುವಂತೆಯೇ ಇಲ್ಲ. 1872ರ ಸಾಕ್ಷ್ಯ ಅಧಿನಿಯಮದ ಕಲಂ 25ರಲ್ಲಿದ್ದ ಆ ನಿಯಮ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 23ಕ್ಕೆ ಬಂದಿದೆ. ಅವನ ಮಾತಿನಿಂದ ಕದ್ದ ಮಾಲು ಸಿಕ್ಕಿದರೆ, ಆ ಮಾಲಿಗೆ ಸಂಬಂಧಿಸಿದಷ್ಟು ಮಾತಿಗೆ ಮಾತ್ರ ಬೆಲೆ. ಪತ್ರಿಕೆಯಲ್ಲಿ "ವಿಚಾರಣೆ ವೇಳೆ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ" ಎಂದು ಓದಿ ಕೇಸು ಗೆದ್ದಾಯಿತೆಂದು ಜನ ತಿಳಿಯುತ್ತಾರೆ. ನ್ಯಾಯಾಲಯದಲ್ಲಿ ಆ ವಾಕ್ಯಕ್ಕೆ ಮೂರು ಕಾಸಿನ ಬೆಲೆಯಿಲ್ಲ.

ಒಂದು ಇಲಾಖೆಯನ್ನು ಕಟ್ಟಿ, ಅದೇ ಇಲಾಖೆ ಬರೆದದ್ದನ್ನು ನಂಬಬೇಡಿ ಎಂದು ಕಾನೂನೇ ಹೇಳುವುದು ವಿಚಿತ್ರ. ಈ ಅಪನಂಬಿಕೆಗೆ ಕಾರಣ ಮದ್ರಾಸ್ ಪ್ರಾಂತ್ಯದ ಚರಿತ್ರೆಯಲ್ಲಿದೆ. ಆಗಿನ ಕೆನರಾ ಮತ್ತು ಬಳ್ಳಾರಿ ಜಿಲ್ಲೆಗಳು ಆ ಪ್ರಾಂತ್ಯದಲ್ಲೇ ಇದ್ದುದರಿಂದ ಇದು ನಮ್ಮ ಚರಿತ್ರೆಯೂ ಹೌದು.

ತಳವಾರನಿಂದ ದರೋಗನವರೆಗೆ

ಬ್ರಿಟಿಷರಿಗೆ ಮೊದಲೇ ಕಾವಲು ವ್ಯವಸ್ಥೆ ಇತ್ತು, ಎರಡು ಬಗೆಯದು. ದೊಡ್ಡ ಪಟ್ಟಣಗಳಲ್ಲಿ ಸಂಬಳದ ಕಾವಲಿನವರಿದ್ದರು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಟಂಕಸಾಲೆಯ ಎದುರು ನಗರಾಧಿಕಾರಿಯ ಕಚೇರಿ ಇತ್ತೆಂದೂ ಅವನ ಕೈಕೆಳಗೆ 12,000 ಕಾವಲಿನವರಿದ್ದರೆಂದು ಕೇಳಿದೆನೆಂದೂ ಬರೆದಿದ್ದಾನೆ. ಅವರ ಸಂಬಳ ದಿನಕ್ಕೆ 12,000 ಹಣ. ಆ ಮೊತ್ತ ಬರುತ್ತಿದ್ದುದು ವೇಶ್ಯಾಗೃಹಗಳ ತೆರಿಗೆಯಿಂದ. ಇಲ್ಲಿ "ಹಣ" ಎಂದರೆ ದುಡ್ಡು ಎಂಬ ಇಂದಿನ ಅರ್ಥವಲ್ಲ, ಆ ಹೆಸರಿನ ಸಣ್ಣ ಚಿನ್ನದ ನಾಣ್ಯ.

ಹಳ್ಳಿಯಲ್ಲಿ ಇದ್ದವನು ತಳವಾರ. ಊರಿನ ಸೇವೆಗೆ ಬೆಳೆಯ ಪಾಲು ಪಡೆಯುವ ಆಯಗಾರರಲ್ಲಿ ಒಬ್ಬ, ಇನಾಂ ಭೂಮಿ ಮತ್ತು ಸುಗ್ಗಿಯ ಕಾಳೇ ಅವನ ಸಂಬಳ. ಊರಿಗೆ ಬಂದ ಹೊಸಬರ ಮೇಲೆ ಕಣ್ಣಿಡುವುದು, ರಾತ್ರಿ ಗಸ್ತು, ಕಳವಾದರೆ ಹೆಜ್ಜೆಯ ಜಾಡು ಹಿಡಿದು ಊರ ಗಡಿಯವರೆಗೆ ಹೋಗಿ ಮುಂದಿನ ಊರಿನ ತಳವಾರನಿಗೆ ಒಪ್ಪಿಸುವುದು ಅವನ ಕೆಲಸ. ಜಾಡು ಯಾವ ಊರಲ್ಲಿ ನಿಂತಿತೋ ಆ ಊರು ನಷ್ಟಕ್ಕೆ ಉತ್ತರ ಹೇಳಬೇಕಿತ್ತು. ಹೊಣೆ ಊರಿನ ಮೇಲಿದ್ದುದರಿಂದ ಕಳ್ಳನನ್ನು ಹಿಡಿಯುವ ಆಸೆ ಎಲ್ಲರಿಗೂ ಇರುತ್ತಿತ್ತು. ಕಳ್ಳನಿಗೆ ಪಟೇಲನ ನಂಟಿದ್ದರೆ ಮಾತ್ರ ಜಾಡು ಬೇಗ ಅಳಿಸಿಹೋಗುತ್ತಿತ್ತು ಎನ್ನುವುದೂ ಅಷ್ಟೇ ನಿಜ.

ಮೈಸೂರಿನಲ್ಲಿ ಇವರ ಮೇಲೆ ಕಂದಾಚಾರದ ಪೇದೆಗಳಿದ್ದರು. ಅರ್ಧ ಸೈನಿಕರು, ಅರ್ಧ ಪೊಲೀಸರು, ಜೊತೆಗೆ ಕಂದಾಯದ ಕೆಲಸಕ್ಕೂ ಅವರೇ.

ಕಂಪನಿ ಸರ್ಕಾರದ ಮೊದಲ ಪ್ರಯೋಗ ನಡೆದದ್ದು ಬಂಗಾಳದಲ್ಲಿ. ಕಾರ್ನ್‌ವಾಲಿಸ್ 1792-93ರಲ್ಲಿ ಜಮೀನ್ದಾರರ ಕೈಯಿಂದ ಪೊಲೀಸ್ ಅಧಿಕಾರ ಕಿತ್ತು, ಸುಮಾರು 400 ಚದರ ಮೈಲಿಗೊಂದು ಠಾಣೆ ಮಾಡಿ, ಪ್ರತಿ ಠಾಣೆಗೆ ಮುಖ್ಯಸ್ಥನಾಗಿ ಸಂಬಳದ ದರೋಗನನ್ನು ಕೂರಿಸಿದ. ಸಂಬಳ ಕಡಿಮೆ, ಅಧಿಕಾರ ಹೆಚ್ಚು, ಮೇಲ್ವಿಚಾರಣೆಗೆ ಇಡೀ ಜಿಲ್ಲೆಗೆ ಒಬ್ಬ ಮ್ಯಾಜಿಸ್ಟ್ರೇಟ್. ಏನಾಗಬಹುದೋ ಅದೇ ಆಯಿತು. ಇದೇ ಪದ್ಧತಿಯನ್ನು ದಕ್ಷಿಣಕ್ಕೆ ತಂದಾಗ ಅದನ್ನು ವಿರೋಧಿಸಿದವರಲ್ಲಿ ಮುಖ್ಯನಾದವನು ಥಾಮಸ್ ಮನ್ರೋ. ಕೆನರಾದಲ್ಲೂ ಬಳ್ಳಾರಿಯಲ್ಲೂ ಕಲೆಕ್ಟರಾಗಿದ್ದ ಅವನಿಗೆ ಊರಿನ ಪಟೇಲ, ತಳವಾರರ ಬಲ ಗೊತ್ತಿತ್ತು. 1816ರ ಮದ್ರಾಸ್ ನಿಯಮಾವಳಿಯಿಂದ ದರೋಗ ಹೋದ. ಪೊಲೀಸ್ ಕೆಲಸ ಊರಿನ ಮುಖ್ಯಸ್ಥನಿಗೂ ತಹಸೀಲ್ದಾರನಿಗೂ ಮೇಲೆ ಕಲೆಕ್ಟರನಿಗೂ ಬಂತು.

ಕಾಗದದ ಮೇಲೆ ಇದು ಚೆಂದ. ಆದರೆ ಕಂದಾಯ ವಸೂಲಿ ಮಾಡುವವನೂ ಪೊಲೀಸೂ ಒಬ್ಬನೇ ಆಗಿಬಿಟ್ಟ. ಬಾಕಿ ಉಳಿಸಿಕೊಂಡ ರೈತನಿಗೂ ಕಳ್ಳತನದ ಶಂಕಿತನಿಗೂ ಒಂದೇ ಚಾವಡಿ, ಒಂದೇ ಪೇದೆ, ಒಂದೇ ಉಪಚಾರ. ಬ್ರಿಟಿಷ್ ಸಂಸತ್ತಿನಲ್ಲಿ ಗದ್ದಲವಾಗಿ ನೇಮಿಸಿದ ಆಯೋಗ 1855ರಲ್ಲಿ ಕೊಟ್ಟ ಚಿತ್ರಹಿಂಸೆ ವರದಿ ಓದಿದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಕಿಟ್ಟಿ ಎಂಬ ಸಾಧನ: ಒಂದು ತುದಿಯಲ್ಲಿ ಕಟ್ಟಿದ ಎರಡು ಕೋಲು, ನಡುವೆ ಬೆರಳು ಇಟ್ಟು ಇನ್ನೊಂದು ತುದಿಯನ್ನು ಅದುಮುವುದು. ಇನ್ನೊಂದು ಶಿಕ್ಷೆಯಲ್ಲಿ ತಲೆಯನ್ನು ಪಾದದತ್ತ ಬಗ್ಗಿಸಿ ಕಟ್ಟಿ, ಗಂಟೆಗಟ್ಟಲೆ ಬಿಸಿಲಲ್ಲಿ ನಿಲ್ಲಿಸುತ್ತಿದ್ದರು. ಇವೆಲ್ಲ ಹೆಚ್ಚಾಗಿ ಬಳಕೆಯಾಗುತ್ತಿದ್ದುದು ಕಂದಾಯ ಎತ್ತಲು. ತಪ್ಪೊಪ್ಪಿಗೆ ಪಡೆಯಲೂ ಅದೇ ದಾರಿ.

ಇದರಿಂದ ಎರಡು ಫಲ ಬಂತು. ಪೊಲೀಸನ್ನು ಕಂದಾಯದಿಂದ ಬಿಡಿಸಿ ಪ್ರತ್ಯೇಕ ಇಲಾಖೆ ಮಾಡಿದ್ದು ಒಂದು. ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಬೆಲೆಯಿಲ್ಲ ಎಂದು 1861ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಬರೆದದ್ದು ಇನ್ನೊಂದು. 1872ರಲ್ಲಿ ಅದನ್ನೇ ಸಾಕ್ಷ್ಯ ಕಾಯ್ದೆಗೆ ಎತ್ತಿಟ್ಟರು. ನಿಮ್ಮ ಹೇಳಿಕೆಯ ಕೆಳಗೆ ಖಾಲಿ ಬಿಟ್ಟ ಜಾಗವೂ ಅದೇ ಅಪನಂಬಿಕೆಯ ಗುರುತು.

ಲಂಡನ್ ಅಲ್ಲ, ಐರ್ಲೆಂಡ್

ನಮ್ಮದು ಲಂಡನ್ನಿನ ನಕಲು ಎನ್ನುವುದು ಅರ್ಧ ತಪ್ಪು. 1829ರಲ್ಲಿ ರಾಬರ್ಟ್ ಪೀಲ್ ಕಟ್ಟಿದ ಲಂಡನ್ ಪೊಲೀಸರು ಬೇಕೆಂದೇ ಸೈನಿಕರಂತೆ ಕಾಣದವರು. ಕೆಂಪು ಅಂಗಿಯ ಸೈನ್ಯವನ್ನು ಜನ ದ್ವೇಷಿಸುತ್ತಿದ್ದರೆಂದು ನೀಲಿ ಕೋಟು, ತಲೆಗೆ ಎತ್ತರದ ಟೋಪಿ, ಕೈಗೆ ಬಂದೂಕಿನ ಬದಲು ಮರದ ದೊಣ್ಣೆ ಕೊಟ್ಟರು. ಐರ್ಲೆಂಡಿನಲ್ಲಿ ಇದಕ್ಕೆ ವ್ಯತಿರಿಕ್ತ. ಆಳಿಸಿಕೊಳ್ಳಲು ಮನಸ್ಸಿಲ್ಲದ ಜನರನ್ನು ಆಳಲು ಕಟ್ಟಿದ ಪಡೆ ಅದು. ಕೈಯಲ್ಲಿ ಬಂದೂಕು, ವಾಸಕ್ಕೆ ಬ್ಯಾರಕ್ಕು, ಸ್ವಂತ ಊರಿನ ಕೌಂಟಿಯಲ್ಲಿ ಪೋಸ್ಟಿಂಗ್ ಇಲ್ಲ, ಅಧಿಕಾರವೆಲ್ಲ ಮೇಲಿನಿಂದ ಕೆಳಕ್ಕೆ. 1843ರಲ್ಲಿ ಸಿಂಧ್ ಗೆದ್ದ ಚಾರ್ಲ್ಸ್ ನೇಪಿಯರ್ ಇದೇ ಮಾದರಿಯನ್ನು ಅಲ್ಲಿ ಜಾರಿಗೆ ತಂದ. 1853ರಲ್ಲಿ ಮುಂಬಯಿ ಪ್ರಾಂತ್ಯದ ಜಿಲ್ಲೆಗಳಿಗೆ ಸೂಪರಿಂಟೆಂಡೆಂಟರು ಬಂದರು. 1859ರಲ್ಲಿ ಮದ್ರಾಸ್ ಜಿಲ್ಲಾ ಪೊಲೀಸ್ ಕಾಯ್ದೆ ಬಂತು. ಮಂಗಳೂರು, ಬಳ್ಳಾರಿ ಕಡೆಯವರಿಗೆ "ಹೊಸ ಪೊಲೀಸ್" ಬಂದದ್ದು ಈ ಕಾಯ್ದೆಯಿಂದ, 1861ಕ್ಕೆ ಎರಡು ವರ್ಷ ಮುಂಚೆ. 1857ರ ದಂಗೆಯ ನಂತರ ಸರ್ಕಾರಕ್ಕೆ ಸೈನ್ಯಕ್ಕಿಂತ ಅಗ್ಗದ, ವಿಧೇಯವಾದ ಪಡೆ ಬೇಕಿತ್ತು. 1860ರ ಆಯೋಗದ ಶಿಫಾರಸಿನ ಮೇಲೆ 1861ರ ಪೊಲೀಸ್ ಕಾಯ್ದೆ (ಆ ವರ್ಷದ ಕಾಯ್ದೆ 5) ಬಂತು.

ಆ ಕಾಯ್ದೆಯ ಕಲಂ 4ರಲ್ಲಿ ನಿಮ್ಮ ಎಸ್‌ಪಿ–ಕಮಿಷನರ್ ಪ್ರಶ್ನೆಗೆ ಉತ್ತರವಿದೆ. ಜಿಲ್ಲೆಯ ಪೊಲೀಸ್ ಆಡಳಿತ ಸೂಪರಿಂಟೆಂಡೆಂಟನದು (ಎಸ್‌ಪಿ), ಆದರೆ ಜಿಲ್ಲಾ ಮ್ಯಾಜಿಸ್ಟ್ರೇಟನ, ಅಂದರೆ ಕಲೆಕ್ಟರನ, ಸಾಮಾನ್ಯ ನಿಯಂತ್ರಣ ಮತ್ತು ನಿರ್ದೇಶನಕ್ಕೆ ಒಳಪಟ್ಟು. ಪಡೆಯನ್ನು ಎಸ್‌ಪಿ ನಡೆಸಲಿ, ಲಗಾಮು ಕಲೆಕ್ಟರನ ಕೈಯಲ್ಲಿರಲಿ ಎಂಬ ಲೆಕ್ಕಾಚಾರ. ಕಲ್ಕತ್ತ, ಮದ್ರಾಸ್, ಮುಂಬಯಿ ನಗರಗಳಲ್ಲಿ ಕಂದಾಯ ಎತ್ತುವ ಜಿಲ್ಲಾಧಿಕಾರಿಯ ಮಾದರಿ ಬೇರೂರಿರಲಿಲ್ಲ. ಅಲ್ಲಿಗೆ 1856ರ ಕಾಯ್ದೆಯಿಂದ ಪೊಲೀಸ್ ಕಮಿಷನರ್ ಬಂದ, ಮ್ಯಾಜಿಸ್ಟ್ರೇಟ್ ಅಧಿಕಾರದ ಒಂದಷ್ಟನ್ನು ತಾನೇ ಹೊತ್ತುಕೊಂಡು.

ಆ ವ್ಯತ್ಯಾಸ ಈಗಲೂ ಹಾಗೆಯೇ ಇದೆ. ಶಿವಮೊಗ್ಗದಲ್ಲಿ ಗಲಾಟೆಯಾಗಿ ನಿಷೇಧಾಜ್ಞೆ ಬೇಕಾದರೆ ಎಸ್‌ಪಿ ವರದಿ ಕೊಡುತ್ತಾರೆ, ಆದೇಶಕ್ಕೆ ಸಹಿ ಮಾಡುವವರು ಜಿಲ್ಲಾಧಿಕಾರಿ ಅಥವಾ ತಾಲ್ಲೂಕಿನ ಮ್ಯಾಜಿಸ್ಟ್ರೇಟ್. ಜನ ಇನ್ನೂ "144 ಹಾಕಿದ್ದಾರೆ" ಎನ್ನುತ್ತಾರೆ, ಹೊಸ ಸಂಹಿತೆಯಲ್ಲಿ ಅದು ಕಲಂ 163. ಬೆಂಗಳೂರಿನಲ್ಲಿ ಕಮಿಷನರೇ ಆದೇಶ ಹೊರಡಿಸುತ್ತಾರೆ. ಬಂದೂಕಿನ ಪರವಾನಗಿಗೆ ನೀವು ಹೋಗುವುದು ಡಿಸಿ ಕಚೇರಿಗೆ, ಬೆಂಗಳೂರಿನವರು ಹೋಗುವುದು ಕಮಿಷನರ್ ಕಚೇರಿಗೆ. ಗೂಂಡಾ ಕಾಯ್ದೆಯಡಿ ಬಂಧನದಲ್ಲಿಡುವ ಆದೇಶವೂ ಹೀಗೆಯೇ. ಕಮಿಷನರೇಟ್ ಇದ್ದರೆ ನಿರ್ಧಾರ ಬೇಗ ಆಗುತ್ತದೆ. ಆದರೆ ಕೇಳುವವರೂ ಕೊಡುವವರೂ ಒಂದೇ ಇಲಾಖೆಯವರಾದ್ದರಿಂದ ಎರಡನೇ ಕಣ್ಣು ತಪ್ಪಿಹೋಗುತ್ತದೆ. ಕಮಿಷನರೇಟ್ ಎಂದರೆ ಬರೀ ಬಡ್ತಿ, ಗೌರವ ಎಂದುಕೊಂಡು ಪ್ರತಿ ಊರೂ ಕೇಳುವುದರಲ್ಲಿ ಅರ್ಥವಿಲ್ಲ. ಬೆಂಗಳೂರಿಗೆ ಕಮಿಷನರ್ ಬಂದದ್ದು 1963ರಲ್ಲಿ. ಅದರ ಜೊತೆ ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿ ಸೇರಿ ರಾಜ್ಯದಲ್ಲಿ ಆರು ಕಮಿಷನರೇಟ್‌ಗಳಿವೆ.

"ನಾವಿನ್ನೂ 1861ರ ಕಾಯ್ದೆಯಲ್ಲೇ ಇದ್ದೇವೆ" ಎಂಬ ಮಾತು ಕರ್ನಾಟಕಕ್ಕೆ ಅನ್ವಯಿಸುವುದಿಲ್ಲ. 1956ರಲ್ಲಿ ರಾಜ್ಯ ಒಂದಾದಾಗ ಹಳೆ ಮೈಸೂರಿಗೆ 1908ರ ಮೈಸೂರು ಕಾಯ್ದೆ, ಧಾರವಾಡ-ಬೆಳಗಾವಿ ಕಡೆಗೆ ಮುಂಬಯಿಯದು, ಕಲಬುರಗಿ ಕಡೆಗೆ ಹೈದರಾಬಾದಿನದು, ದಕ್ಷಿಣ ಕನ್ನಡಕ್ಕೆ ಮದ್ರಾಸಿನದು ಎಂದು ಒಂದೇ ಇಲಾಖೆ ಹಲವು ಕಾನೂನಿನಲ್ಲಿ ನಡೆಯುತ್ತಿತ್ತು. ಇವನ್ನೆಲ್ಲ ತೆಗೆದು ಬಂದದ್ದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಜಾರಿಯಾದದ್ದು 1965ರ ಏಪ್ರಿಲ್ 2ರಂದು, ಪೊಲೀಸ್ ಧ್ವಜ ದಿನಾಚರಣೆ ಅಂದೇ ಇರುವುದು ಅದಕ್ಕೆ. ಕಾಯ್ದೆ ಒಂದಾದರೂ ಭಾಷೆ ಒಂದಾಗಲಿಲ್ಲ. ಜಿಲ್ಲೆಗಳ ಪತ್ರಿಕಾ ಪ್ರಕಟಣೆಗಳನ್ನು ನೋಡಿ: ಪ್ರಕರಣದ ಸಂಖ್ಯೆಗೆ ಹಳೆ ಮೈಸೂರಿನಲ್ಲಿ "ಮೊ.ನಂ." (ಮೊಕದ್ದಮೆ ನಂಬರು), ಕರಾವಳಿಯಲ್ಲಿ "ಅಪರಾಧ ಕ್ರಮಾಂಕ", ರಾಯಚೂರು-ಕೊಪ್ಪಳದಲ್ಲಿ "ಗುನ್ನೆ ನಂ.". ನಿಮ್ಮ ಕಡೆ ಮಹಜರು, ಹುಬ್ಬಳ್ಳಿ ಕಡೆ ಪಂಚನಾಮೆ. ಕಾಗದ ಒಂದೇ.

ಅಸ್ಥಿಪಂಜರ ಮಾತ್ರ 1861ರದೇ. ಪೊಲೀಸ್ ಅಧಿಕಾರಿ ಸದಾ ಕರ್ತವ್ಯದಲ್ಲಿದ್ದಾನೆಂದು ಪರಿಗಣಿಸಬೇಕು ಎಂದು ಆ ಕಾಯ್ದೆಯ ಕಲಂ 22 ಹೇಳಿತ್ತು. ಪಿಸಿಗಳಿಗೆ (ಪೊಲೀಸ್ ಕಾನ್ಸ್‌ಟೇಬಲ್‌ಗಳಿಗೆ) ಎಂಟು ಗಂಟೆಯ ಪಾಳಿ ಕನಸಾಗಿಯೇ ಉಳಿದಿರುವುದಕ್ಕೆ ಸಿಬ್ಬಂದಿ ಕೊರತೆಯ ಜೊತೆ ಆ ವಾಕ್ಯದ ಮನೋಭಾವವೂ ಕಾರಣ.

ಪ್ರಕರಣ ಯಾರ ಕೈಯಲ್ಲಿ?

ಇಲಾಖೆಯಲ್ಲಿ ಎರಡು ಗೆರೆಗಳಿವೆ. ಶಿಸ್ತು, ವರ್ಗಾವಣೆ, ಬಂದೋಬಸ್ತಿನ ಗೆರೆ ಮೇಲಿನಿಂದ ಇಳಿಯುತ್ತದೆ: ರಾಜ್ಯದ ಪೊಲೀಸ್ ಮುಖ್ಯಸ್ಥರಾದ ಡಿಜಿ-ಐಜಿಪಿ, ವಲಯದ ಐಜಿಪಿ (ನಿಮಗೆ ದಾವಣಗೆರೆಯ ಪೂರ್ವ ವಲಯ), ಎಸ್‌ಪಿ, ಉಪವಿಭಾಗದ ಡಿವೈಎಸ್‌ಪಿ, ಎರಡು-ಮೂರು ಠಾಣೆಗಳ ವೃತ್ತಕ್ಕೆ ಸಿಪಿಐ, ಠಾಣೆಗೆ ಪಿಎಸ್‌ಐ. ದೊಡ್ಡ ಪಟ್ಟಣದ ಠಾಣೆಗಳಲ್ಲಿ ಪಿಐ (ಇನ್‌ಸ್ಪೆಕ್ಟರ್) ಅವರೇ ಠಾಣಾಧಿಕಾರಿ, ಕೆಳಗೆ ಪಿಎಸ್‌ಐಗಳು.

ಕಾನೂನಿನ ಗೆರೆ ಬೇರೆ. ಪ್ರಕರಣ ದಾಖಲಿಸುವ, ತನಿಖೆ ಮಾಡುವ ಅಧಿಕಾರವನ್ನು ಸಂಹಿತೆ ಕೊಟ್ಟಿರುವುದು ಎಸ್‌ಪಿಗೆ ಅಲ್ಲ, "ಠಾಣೆಯ ಪ್ರಭಾರ ಅಧಿಕಾರಿ"ಗೆ. ಮೇಲಿನವರು ತಮ್ಮ ವ್ಯಾಪ್ತಿಯಲ್ಲಿ ಅದೇ ಅಧಿಕಾರ ಚಲಾಯಿಸಬಹುದು, ಅಷ್ಟೇ. ಠಾಣಾಧಿಕಾರಿಯ ಕಾಗದ ಹೋಗುವುದು ಮ್ಯಾಜಿಸ್ಟ್ರೇಟರಿಗೆ. ಎಫ್‌ಐಆರ್ ಆದ ಕೂಡಲೇ ಪ್ರತಿ ಹಿಡಿದು ಹೊರಡುವ ಸಿಬ್ಬಂದಿ ಅದನ್ನು ಎಷ್ಟು ಗಂಟೆಗೆ ತಲುಪಿಸಿದರೆಂದು ಅದರ ಮೇಲೆಯೇ ದಾಖಲಾಗುತ್ತದೆ. ಮೂರು ವರ್ಷದ ಮೇಲೆ ವಿಚಾರಣೆಯಲ್ಲಿ ಆರೋಪಿ ಪರ ವಕೀಲರು ಮೊದಲು ನೋಡುವುದು ಆ ಸಮಯವನ್ನು. ಎಂಟು ಗಂಟೆ ತಡವಾಗಿ, ಕಾರಣ ಬರೆದಿರದಿದ್ದರೆ "ಕೂತು ಹೊಸೆದ ದೂರು" ಎಂಬ ವಾದಕ್ಕೆ ಬಾಗಿಲು ತೆರೆಯಿತು. ತನಿಖೆಯ ದಿನಚರಿಯಾದ ಕೇಸ್ ಡೈರಿಯೂ ಹಾಗೆಯೇ: ಪುಟಸಂಖ್ಯೆ ಹಾಕಿದ ಸಂಪುಟದಲ್ಲಿ ಅಂದಂದಿನದನ್ನು ಅಂದೇ ಬರೆಯಬೇಕು. ಕೊನೆಗೆ ಒಟ್ಟಿಗೆ ಕೂತು ಬರೆದ ಡೈರಿ ಒಂದೇ ಶಾಯಿ, ಒಂದೇ ಉಸಿರಿನಲ್ಲಿ ಸಿಕ್ಕಿಬೀಳುತ್ತದೆ.

ಠಾಣೆಯನ್ನು ಸಬ್ ಇನ್‌ಸ್ಪೆಕ್ಟರ್ ದರ್ಜೆಯವರು ನಡೆಸಬೇಕು, ಅವರನ್ನು ನೇರ ನೇಮಕ ಮಾಡಿಕೊಳ್ಳಬೇಕು ಎಂದು ಒತ್ತಿ ಹೇಳಿದ್ದು 1902-03ರ ಫ್ರೇಸರ್ ಆಯೋಗ. ಪ್ರಾಂತ್ಯಕ್ಕೊಂದು ಸಿಐಡಿ ಬೇಕೆಂದದ್ದೂ ಅದೇ. ಪೊಲೀಸರು ಭ್ರಷ್ಟರು, ಪೀಡಕರು ಎಂದು ಜನ ಭಾವಿಸಿದ್ದಾರೆಂದು ಸರ್ಕಾರದ್ದೇ ಆಯೋಗ ಅಂದು ನೇರವಾಗಿ ಬರೆದಿತ್ತು. ಅದು ಪೇದೆಯ ದರ್ಜೆಯನ್ನು ಮಾತ್ರ ಆಜ್ಞೆ ಪಾಲಿಸುವ ಕೈಯಾಗಿಯೇ ಉಳಿಸಿತು. ಇಲಾಖೆಯ ಬಹುಪಾಲು ಜನ ಅವರೇ, ಬೀದಿಯಲ್ಲಿ ನಿಮಗೆ ಸಿಗುವವರೂ ಅವರೇ, ಆದರೆ ಸ್ವಂತ ತೀರ್ಮಾನದ ಅಧಿಕಾರ ಇಲ್ಲ.

ಹಳ್ಳಿಯ ಮಟ್ಟಿಗೆ ಇನ್ನೊಂದು ಕೊಂಡಿ ಕಳಚಿತು. ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದು ಪಟೇಲ, ಶಾನುಭೋಗ, ತಳವಾರಿಕೆಗಳ ವಂಶಪಾರಂಪರ್ಯ ಮುಗಿಯಿತು. ಅದು ಆಗಬೇಕಾದದ್ದೇ. ಆದರೆ ಊರಿನ ಸುದ್ದಿಯನ್ನು ಠಾಣೆಗೆ ಮುಟ್ಟಿಸುತ್ತಿದ್ದ ಕಣ್ಣಿಗೆ ಬದಲಿ ಕಣ್ಣು ಬರಲಿಲ್ಲ. ಊರಿಗೆ, ವಾರ್ಡಿಗೆ ಒಬ್ಬರು ಎಂದು ಪೊಲೀಸರಿಗೆ ಗಸ್ತು ಹಂಚಿರುವುದು ಆ ಖಾಲಿ ಜಾಗ ತುಂಬುವ ಪ್ರಯತ್ನ. ನಿಮ್ಮ ಊರಿನ ಗಸ್ತಿನವರ ಹೆಸರು, ಮೊಬೈಲ್ ನಂಬರು ಠಾಣೆಯಲ್ಲಿ ಕೇಳಿದರೆ ಕೊಡುತ್ತಾರೆ. ಕೊಯ್ಲಿನ ತಿಂಗಳುಗಳಲ್ಲಿ ಎಫ್‌ಐಆರ್‌ಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಈಗ ನಿಮ್ಮ ಪಕ್ಕದ ಮನೆಯವರ ಅಡಿಕೆಗೆ ಬರೋಣ. ದೂರಿನಲ್ಲಿ ಎಷ್ಟು ಕೆಜಿ, ಯಾವ ಬಗೆ, ಅಂದಿನ ಮಾರುಕಟ್ಟೆ ದರ ಎಷ್ಟು ಎಂದು ಬರೆದಿದ್ದಾರೆಯೇ ನೋಡಿ. ಐಪಿಸಿಯ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 303(2)ರಲ್ಲಿ ಕಳವಿನ ಮಾಲು 5,000 ರೂಪಾಯಿಗಿಂತ ಕಡಿಮೆಯಾದರೆ ಅದು ಅಸಂಜ್ಞೇಯ ಅಪರಾಧ, ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ತನಿಖೆಯಿಲ್ಲ. ಎನ್‌ಸಿಆರ್ (ಅಸಂಜ್ಞೇಯ ದೂರು ದಾಖಲಾದ ಚೀಟಿ) ಕೊಟ್ಟು ಕಳಿಸುತ್ತಾರೆ. "ಒಂದಷ್ಟು ಅಡಿಕೆ" ಎಂದು ಬರೆದ ದೂರು ಇಲ್ಲೇ ಮುಗ್ಗರಿಸುತ್ತದೆ. ಅಂಗಳದ ಬದಲು ಬೀಗ ಹಾಕಿದ ಉಗ್ರಾಣದಿಂದ ಕದ್ದಿದ್ದರೆ ಕಲಂ 305, ಶಿಕ್ಷೆ ಏಳು ವರ್ಷದವರೆಗೆ. ಆದ್ದರಿಂದ ಸ್ಥಳವನ್ನೂ ಸರಿಯಾಗಿ ಬರೆಸಬೇಕು.

ಎಫ್‌ಐಆರ್ ಪ್ರತಿ ಪುಕ್ಕಟೆ, ಕೇಳಿ ಪಡೆಯಲಿ. "ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆ, ನಾಳೆ ಬನ್ನಿ" ಎಂದರೆ, ಠಾಣಾಧಿಕಾರಿ ಇಲ್ಲದಾಗ ಠಾಣೆಯಲ್ಲಿರುವ ಪಿಸಿಗಿಂತ ಮೇಲಿನ ದರ್ಜೆಯವರೇ ಪ್ರಭಾರ ಅಧಿಕಾರಿ ಎಂದು ನಯವಾಗಿ ನೆನಪಿಸಬಹುದು. "ನಮ್ಮ ಲಿಮಿಟ್ಸ್ ಅಲ್ಲ" ಎಂಬ ಉತ್ತರಕ್ಕೂ ಈಗ ಜಾಗವಿಲ್ಲ, ಜೀರೋ ಎಫ್‌ಐಆರ್ ಮಾಡಿ ಸಂಬಂಧಿಸಿದ ಠಾಣೆಗೆ ಕಳಿಸಬೇಕು. ಇ-ಮೇಲಿನಂಥ ಎಲೆಕ್ಟ್ರಾನಿಕ್ ದಾರಿಯಲ್ಲಿ ದೂರು ಕೊಟ್ಟಿದ್ದರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು, ಇಲ್ಲದಿದ್ದರೆ ಅದು ದಾಖಲಾಗುವುದಿಲ್ಲ. ದಾಖಲಿಸಲು ನಿರಾಕರಿಸಿದರೆ ದೂರಿನ ಸಾರಾಂಶವನ್ನು ಎಸ್‌ಪಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗುವಾಗ ಆ ರಸೀದಿ ಬೇಕಾಗುತ್ತದೆ. ಸಿಬ್ಬಂದಿಯ ದುರ್ವರ್ತನೆಯ ದೂರಿಗೆ ಪೊಲೀಸ್ ದೂರು ಪ್ರಾಧಿಕಾರವಿದೆ. 2006ರ ಪ್ರಕಾಶ್ ಸಿಂಗ್ ಪ್ರಕರಣದ ತೀರ್ಪಿನಿಂದ ಹುಟ್ಟಿದ್ದು ಅದು. ಎಫ್‌ಐಆರ್ ಮಾಡಿಸಲು ಅಲ್ಲಿಗೆ ಹೋದರೆ ಸಮಯ ಹಾಳು.

ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ಫಿರ್ಯಾದಿಗೆ ತಿಳಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 193 ಹೇಳುತ್ತದೆ, ತಿಳಿಸದಿದ್ದರೆ ಬರೆದು ಕೇಳಲಿ. ಕಳ್ಳ ಪತ್ತೆಯೇ ಆಗದಿದ್ದರೆ "ಸಿ" ರಿಪೋರ್ಟ್ ಹೋಗುತ್ತದೆ. ಮುಂದೆ ಸುಳಿವು ಸಿಕ್ಕರೆ ಮತ್ತೆ ತೆರೆಯಬಹುದು. "ಬಿ" ರಿಪೋರ್ಟ್ ಹೋಗಿದೆ ಎಂದರೆ ಮಾತ್ರ ಎಚ್ಚರ. ದೂರು ಸುಳ್ಳು, ತಪ್ಪು ತಿಳಿವಳಿಕೆ ಅಥವಾ ನಿಲ್ಲುವಂಥದ್ದಲ್ಲ ಎಂದು ಅದರ ಅರ್ಥ. ಮ್ಯಾಜಿಸ್ಟ್ರೇಟ್ ನೋಟಿಸ್ ಬಂದಾಗ ಹಾಜರಾಗಿ ತಕರಾರು ಹಾಕದಿದ್ದರೆ ಪ್ರಕರಣ ಅಲ್ಲಿಗೆ ಮುಗಿಯುತ್ತದೆ.

ನಿಮ್ಮ ಹೇಳಿಕೆಯ ಮಟ್ಟಿಗೆ ನೀವು ಮಾಡಬೇಕಾದದ್ದು ಒಂದೇ. ಆ ರಾತ್ರಿ ಕಂಡದ್ದು, ಕೇಳಿದ್ದು, ಗಂಟೆ ಎಷ್ಟಾಗಿತ್ತು ಎಂಬುದನ್ನು ನಿಮ್ಮದೇ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಸಮನ್ಸ್ ಬರುವ ಹೊತ್ತಿಗೆ ಎರಡು ಸುಗ್ಗಿ ಕಳೆದಿರುತ್ತದೆ.